ಗುಣವಾಗದವರ ಲೆಕ್ಕ

ಶಸ್ತ್ರಕ್ರಿಯೆಯಾದ ರೋಗಿಯೊಬ್ಬನನ್ನು ಮನೆಯವರು ಊರಿಗೆ ಕರೆದುಕೊಂಡು ಹೋಗುವ ದಿನ ಆಸ್ಪತ್ರೆಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಒಂದು ಮಾತು ಬರೆಯಲ್ಪಡುವದು. ಗುಣವಾಯಿತು ಎಂದೋ, ಸ್ವಲ್ಪ ಸುಧಾರಿಸಿತು ಎಂದೋ. ಆ ಮೇಲೆ ಪುಸ್ತಕವನ್ನು ಮುಚ್ಚುವರು. ಆದರೆ ರೋಗಿಯ ಜೀವಮಾನವು ಆ ದಿನ ಮುಚ್ಚಲ್ಪಡುವದಿಲ್ಲ. ಕೊಯ್ದ ಗಾಯವು ಮತ್ತೆ ಬಾಯಿ ಬಿಟ್ಟಿತೋ, ಅವನು ನೇಗಿಲು ಹಿಡಿಯಲು ಶಕ್ತನಾದನೋ, ಆರು ತಿಂಗಳೊಳಗೆ ಮಣ್ಣು ಸೇರಿದನೋ, ಇದನ್ನು ಅವನ ಹೆಂಡತಿ ಬಲ್ಲಳು, ನೆರೆಯವರು ಬಲ್ಲರು. ಕೊಯ್ದ ವೈದ್ಯನು ಮಾತ್ರ ಅನೇಕ ಸಲ ಅರಿಯನು. ಹೀಗಿರಲಾಗಿ ನಾವು ಈ ತಿಂಗಳು ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡಲು ಮನಸ್ಸು ಮಾಡಿದೆವು. ಒಳ್ಳೇ ಮನಸ್ಸಿನಿಂದ ಕೆಲಸ ಮಾಡಿದವನು ತನ್ನ ಕೆಲಸದ ಫಲವು ಏನಾಯಿತೆಂದು ಹುಡುಕಿ ನೋಡಿ ಕೆಟ್ಟದ್ದನ್ನು ಸಹ ಬರೆದಿಡಲು ಬದ್ಧನಾಗಿರುವನೋ? ಹೌದಾದರೆ ಆ ಲೆಕ್ಕವನ್ನು ಯಾರಿಗೆ ಒಪ್ಪಿಸತಕ್ಕದ್ದು?

ಕೆಲವರು ತಟ್ಟನೆ ಉತ್ತರ ಕೊಡುವರು: ಮನಸ್ಸು ಶುದ್ಧವಾಗಿತ್ತು, ಕೈಯು ತನ್ನಿಂದಾದಷ್ಟು ಮಾಡಿತು, ಫಲವು ನಮ್ಮ ವಶದಲ್ಲಿಲ್ಲ, ಇನ್ನು ಲೆಕ್ಕವೇನು? ಈ ಮಾತು ನಮ್ರತೆಯಂತೆ ಕೇಳಿಸುವದು. ಆದರೆ ಬೇಸಾಯಗಾರನು ಹೀಗೆ ಮಾತಾಡುವದನ್ನು ನಾವು ಕೇಳಿಲ್ಲ. ಮಳೆಯು ತನ್ನ ಕೈಯಲ್ಲಿಲ್ಲವೆಂದು ಅವನು ಬಲ್ಲನು. ಆದಾಗ್ಯೂ ಯಾವ ಮಡಿಯಲ್ಲಿ ಸಸಿ ಸತ್ತಿತು, ಯಾವ ಬೀಜವು ಮೊಳೆಯದೆ ಹೋಯಿತು ಎಂಬದನ್ನು ಮರುವರುಷದ ಬಿತ್ತನೆಯ ತನಕ ನೆನಪಿನಲ್ಲಿಟ್ಟುಕೊಳ್ಳುವನು. ಅಂಗಡಿಯವನು ಲಾಭವನ್ನು ಮಾತ್ರ ಕಿರ್ದಿಯಲ್ಲಿ ಬರೆದು ನಷ್ಟವನ್ನು ಬರೆಯದೆ ಬಿಟ್ಟರೆ ನಾವು ಅವನನ್ನು ನಮ್ರನೆಂದು ಕರೆಯುವದಿಲ್ಲ. ಹಾಗಾದರೆ ಮನುಷ್ಯರ ಶರೀರವನ್ನು ಕೊಯ್ಯುವವರಲ್ಲಿ ಇಂಥ ಲೆಕ್ಕವು ಯಾವಾಗ, ಯಾರಿಂದ, ಎಷ್ಟು ಕಷ್ಟದಿಂದ ಹುಟ್ಟಿತೆಂಬದನ್ನು ಸ್ವಲ್ಪ ವಿಚಾರಿಸೋಣ.

ಸ್ಕಾಟ್ಲೆಂಡ್ ದೇಶದ ಬಾತ್‌ಗೇಟ್ ಎಂಬ ಊರಲ್ಲಿ 1811ನೇ ಇಸವಿಯಲ್ಲಿ ರೊಟ್ಟಿ ಸುಡುವವನೊಬ್ಬನ ಮನೆಯಲ್ಲಿ ಹುಟ್ಟಿದ ಜೇಮ್ಸ್ ಯಂಗ್ ಸಿಂಪ್ಸನರ ಹೆಸರು ವೈದ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಕ್ಲೋರೊಫಾರ್ಮನ್ನು ಮೂಸುವದರಿಂದ ರೋಗಿಗೆ ನೋವು ತಿಳಿಯದ ಹಾಗಾಗುವದೆಂದು 1847ನೇ ಇಸವಿಯಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಮೊದಲು ತಮ್ಮ ಮೇಲೆಯೇ ಪರೀಕ್ಷಿಸಿ ತೋರಿಸಿದವರು ಇವರೇ. ಅದಕ್ಕಿಂತ ಮುಂಚೆ ಕೈಕಾಲು ಕೊಯ್ಯುವಾಗ ರೋಗಿಯನ್ನು ಬಲವಂತರು ಹಿಡಿದುಕೊಳ್ಳಬೇಕಾಗಿತ್ತು. ಶಸ್ತ್ರವೈದ್ಯನಿಗೆ ಬೇಗನೇ ಕೊಯ್ದು ಮುಗಿಸುವದೇ ದೊಡ್ಡ ವಿದ್ಯೆಯಾಗಿತ್ತು. ನೋವು ಹೋದ ಮೇಲೆ ಅವಸರವು ಹೋಯಿತು. ಅವಸರ ಹೋದ ಮೇಲೆ ಶಸ್ತ್ರಕ್ರಿಯೆಗಳು ಹೆಚ್ಚಿದವು. ಜನರು ಸಂತೋಷಪಟ್ಟರು. ಆದರೆ ಕೊಯ್ಯುವಾಗ ಅಳದೆ ಮಲಗಿದ್ದವರಲ್ಲಿ ಅನೇಕರು ಮೂರು ದಿನ, ಎಂಟು ದಿನ ಕಳೆದ ಮೇಲೆ ಜ್ವರ ಬಂದು, ಗಾಯವು ಕೊಳೆತು, ರಕ್ತದಲ್ಲಿ ನಂಜು ಏರಿ ಸಾಯುತ್ತಿದ್ದರು. ದೊಡ್ಡ ಆಸ್ಪತ್ರೆಗಳ ವೈದ್ಯರಿಗೆ ಇದು ಆಶ್ಚರ್ಯವಾಗಿರಲಿಲ್ಲ. ಕೀವು ಆಗುವದು ಗಾಯದ ಸ್ವಭಾವವೆಂದು ಅವರು ತಿಳಿದಿದ್ದರು; ಒಣಗಿದ ರಕ್ತದಿಂದ ಬಿರುಸಾಗಿದ್ದ ಅಂಗಿಯನ್ನೇ ತೊಟ್ಟುಕೊಂಡು ಒಬ್ಬ ರೋಗಿಯ ಬಳಿಯಿಂದ ಇನ್ನೊಬ್ಬನ ಬಳಿಗೆ ಹೋಗುತ್ತಿದ್ದರು.

ಸಿಂಪ್ಸನರು ಹೊಸದೊಂದು ಕೆಲಸವನ್ನು ಮಾಡಿದರು. ಅವರು ಹಳ್ಳಿಗಳಲ್ಲಿಯೂ ಸಣ್ಣ ಊರುಗಳಲ್ಲಿಯೂ ಗಣಿಗಳ ಬಳಿಯಲ್ಲಿಯೂ ಇದ್ದ ವೈದ್ಯರಿಗೆ ಕಾಗದಗಳನ್ನು ಬರೆದು, ನೀವು ಎಷ್ಟು ಮಂದಿಯ ಕೈಕಾಲುಗಳನ್ನು ಕೊಯ್ದಿರಿ, ಅವರಲ್ಲಿ ಎಷ್ಟು ಮಂದಿ ಬದುಕಿದರು, ಎಷ್ಟು ಮಂದಿ ಸತ್ತರು, ತಿಳಿಸಿರಿ ಎಂದು ಕೇಳಿಕೊಂಡರು. ಬಂದ ಉತ್ತರಗಳನ್ನು ಕೂಡಿಸಿ 1869ನೇ ಇಸವಿಯಲ್ಲಿ ಅಚ್ಚು ಹಾಕಿಸಿದರು. ಹಳ್ಳಿಗಾಡಿನಲ್ಲಿ ಅಂಗಚ್ಛೇದನವಾದವರು 2098 ಮಂದಿ. ಅವರಲ್ಲಿ ಸತ್ತವರು 226. ದೊಡ್ಡ ಪಟ್ಟಣದ ಆಸ್ಪತ್ರೆಗಳಲ್ಲಿ ಹಾಗೆಯೇ ಅಂಗಚ್ಛೇದನವಾದವರು 2089 ಮಂದಿ, ಸತ್ತವರು 855. ನೂರರಲ್ಲಿ ಹನ್ನೊಂದಕ್ಕೆ ಸಮೀಪ ಒಂದು ಕಡೆ, ನಾಲ್ವತ್ತೊಂದು ಇನ್ನೊಂದು ಕಡೆ! ಹೊಗೆ ಹಿಡಿದ ಗುಡಿಸಲಲ್ಲಿ, ಕಲಿತ ಸಹಾಯಕರಿಲ್ಲದೆ, ಒಂಟಿ ವೈದ್ಯನ ಕೈಯಿಂದ ಕಾಲು ಕಳಕೊಂಡ ಗಣಿಯ ಕೂಲಿಯವನು ಬದುಕಿದನು. ರಾಜಧಾನಿಯ ದೊಡ್ಡ ಕಟ್ಟಡದಲ್ಲಿ, ಹೆಸರುಗೊಂಡ ಪಂಡಿತರ ಕೈಯಿಂದ ಕೊಯ್ಯಲ್ಪಟ್ಟವನು ಸತ್ತನು. ನಮ್ಮ ಆಸ್ಪತ್ರೆಯ ಮೇಜಿನ ಮೇಲೆ ಮಲಗುವವನಿಗೆ ವಾಟರ್ಲೂ ರಣರಂಗದಲ್ಲಿ ನಿಂತ ಸಿಪಾಯಿಗಿಂತಲೂ ಹೆಚ್ಚಿನ ಪ್ರಾಣಾಪಾಯವಿದೆ ಎಂಬ ಅರ್ಥದ ಮಾತನ್ನು ಸಿಂಪ್ಸನರು ಬರೆದರು. ಈ ವ್ಯಾಧಿಗೆ ಅವರು ಹಾಸ್ಪಿಟಲಿಸಂ, ಅಂದರೆ ಆಸ್ಪತ್ರೆಯಿಂದಲೇ ಹುಟ್ಟುವ ರೋಗ, ಎಂದು ಹೆಸರಿಟ್ಟರು.

ಪಟ್ಟಣದ ಶಸ್ತ್ರವೈದ್ಯರು ಸಿಟ್ಟಾದರು. ಲಂಡನ್ನಿನ ತಿಮೊಥಿ ಹೋಮ್ಸ್ ಎಂಬವರು ಎದ್ದು, ಈ ಲೆಕ್ಕವು ಸರಿಯಾದ ತಕ್ಕಡಿಯಲ್ಲಿ ತೂಗಲ್ಪಟ್ಟದ್ದಲ್ಲ ಎಂದು ವಾದಿಸಿದರು. ಅವರ ಪಕ್ಷದವರ ಮಾತನ್ನೂ ಕೇಳಬೇಕು. ಹಳ್ಳಿಯ ವೈದ್ಯನು ಅನೇಕ ವರುಷಗಳ ಹಿಂದಿನದನ್ನು ನೆನಪಿನಿಂದ ಬರೆದಾಗ ಬದುಕಿದವರನ್ನು ನೆನಸಿ ಸತ್ತವರನ್ನು ಮರೆತಿರಬಹುದಲ್ಲವೇ? ಹೆಚ್ಚು ಜಜ್ಜಿಹೋದವರನ್ನು, ಮೊದಲೇ ಸೊರಗಿದವರನ್ನು ಪಟ್ಟಣದ ಆಸ್ಪತ್ರೆಗೆ ತಂದು ಹಾಕುತ್ತಾರಲ್ಲವೇ? ಈ ಆಕ್ಷೇಪಣೆಯಲ್ಲಿ ಹುರುಳುಂಟೆಂದು ನಾವು ಒಪ್ಪುತ್ತೇವೆ. ಎರಡು ಹೊಲಗಳ ಬೆಳೆಯನ್ನು ಹೋಲಿಸುವವನು ಮಣ್ಣನ್ನೂ ನೋಡಬೇಕು. ಆದರೆ ನಮಗೆ ಒಂದು ಮಾತು ತೋಚುವದು. ಹಳ್ಳಿಯ ವೈದ್ಯರು ನೆನಪಿನಿಂದಲಾದರೂ ಉತ್ತರ ಕೊಟ್ಟರು. ದೊಡ್ಡ ಆಸ್ಪತ್ರೆಗಳಲ್ಲಿ ಪುಸ್ತಕಗಳಿದ್ದವು, ಬರೆಯುವವರಿದ್ದರು. ಇದ್ದಾಗ್ಯೂ ನಮ್ಮಲ್ಲಿ ಇಷ್ಟು ಮಂದಿ ಯಾಕೆ ಸಾಯುತ್ತಾರೆಂದು ತಮ್ಮೊಳಗೆ ಕೇಳಿಕೊಂಡವರು ಕೆಲವರೇ. ಲೆಕ್ಕವು ತಪ್ಪಾಗಿದೆಯೆಂದು ಹೇಳುವವನು ಸರಿಯಾದ ಲೆಕ್ಕವನ್ನು ತಂದಿಡಬೇಕು. ಲೆಕ್ಕವೇ ಬೇಡವೆನ್ನಲು ಅವನಿಗೆ ಅಧಿಕಾರವಿಲ್ಲ.

ಸಿಂಪ್ಸನರ ಲೆಕ್ಕವು ಬಾಗಿಲನ್ನು ತೋರಿಸಿತು; ಅದನ್ನು ತೆರೆಯಲಿಲ್ಲ. ಸಾವಿನ ಕಾರಣವು ಜನರು ಒಂದೇ ಮಾಡಿನ ಕೆಳಗೆ ಒತ್ತಾಗಿ ಮಲಗುವದೇ ಎಂದು ಅವರು ನೆನಸಿ, ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು ಚಿಕ್ಕ ಚಿಕ್ಕ ಮನೆಗಳನ್ನು ಕಟ್ಟಬೇಕೆಂದರು. ಆ ಕಾಲದಲ್ಲಿಯೇ ಗ್ಲಾಸ್ಗೋ ಪಟ್ಟಣದಲ್ಲಿ ಜೋಸೆಫ್ ಲಿಸ್ಟರರು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಗಾಯವನ್ನು ಕೊಳೆಯಿಸುತ್ತವೆಂದು ಪಾಶ್ಚರರ ಶೋಧನೆಯಿಂದ ಊಹಿಸಿ, ಕಾರ್ಬಾಲಿಕ್ ಆಮ್ಲದಿಂದ ಗಾಯಗಳನ್ನು ತೊಳೆಯಲಾರಂಭಿಸಿದ್ದರು. 1864 ಮತ್ತು 1866ನೇ ಇಸವಿಗಳಲ್ಲಿ, ಈ ಕ್ರಮವಿಲ್ಲದೆ, ಅವರ ವಶದಲ್ಲಿ ಅಂಗಚ್ಛೇದನವಾದ 35 ಮಂದಿಯಲ್ಲಿ 16 ಮಂದಿ ಸತ್ತಿದ್ದರು. 1867ರಿಂದ 1869ರ ವರೆಗೆ, ಈ ಕ್ರಮದಿಂದ, 40 ಮಂದಿಯಲ್ಲಿ 6 ಮಂದಿ ಸತ್ತರು. ಈ ಎರಡು ಸಾಲುಗಳನ್ನು ಲಿಸ್ಟರರು 1870ರಲ್ಲಿ ಪ್ರಕಟಿಸಿದರು. ಮೊದಲನೆಯ ಸಾಲನ್ನು, ಅಂದರೆ ತಮ್ಮ ಕೈಯಲ್ಲಿಯೇ ಸತ್ತ ಹದಿನಾರು ಮಂದಿಯನ್ನು, ಬರೆದಿಡದೆ ಹೋಗಿದ್ದರೆ ಎರಡನೆಯ ಸಾಲಿನ ಬೆಲೆ ಯಾರಿಗೆ ತಿಳಿಯುತ್ತಿತ್ತು? ವಿಚಿತ್ರವೇನಂದರೆ, ಪರರ ಆಸ್ಪತ್ರೆಗಳ ಸಾವುಗಳನ್ನು ಎಣಿಸಿದ ಆ ಸಿಂಪ್ಸನರೇ ಲಿಸ್ಟರರ ಕ್ರಮವನ್ನು ವಿರೋಧಿಸಿದರು; ರಕ್ತನಾಳಗಳನ್ನು ಸೂಜಿಯಿಂದ ಒತ್ತಿ ಹಿಡಿಯುವ ಸ್ವಂತ ಉಪಾಯವೊಂದು ಅವರಿಗೆ ಹೆಚ್ಚು ಪ್ರಿಯವಾಗಿತ್ತು. ಪರರ ಲೆಕ್ಕವನ್ನು ನೋಡುವ ಕಣ್ಣು ತನ್ನ ಕೂಸಿನ ಕಡೆಗೆ ತಿರುಗುವಾಗ ಮಂಕಾಗುವದು. ಇದು ದೊಡ್ಡವರಲ್ಲಿಯೂ ಉಂಟು.

ಸ್ವಂತ ಲೆಕ್ಕವನ್ನು ಕೊನೆಯ ತನಕ ಎಳೆದವರು ಬೇರೊಬ್ಬರು. ಅಮೇರಿಕಾದ ಬೋಸ್ಟನ್ ಪಟ್ಟಣದ ಅರ್ನೆಸ್ಟ್ ಎಮರಿ ಕಾಡ್ಮನ್ ಎಂಬ ಶಸ್ತ್ರವೈದ್ಯರು 1869ರಲ್ಲಿ, ಅಂದರೆ ಸಿಂಪ್ಸನರ ಪಟ್ಟಿಯು ಅಚ್ಚಾದ ವರುಷದಲ್ಲಿಯೇ, ಹುಟ್ಟಿದವರು. ಇವರ ವಿಚಾರವು ಒಂದು ಮಗುವಿಗೂ ಹೊಳೆಯುವಷ್ಟು ಸುಲಭವಾದದ್ದು. ಪ್ರತಿಯೊಬ್ಬ ರೋಗಿಗೆ ಒಂದು ಚೀಟಿ. ಅದರಲ್ಲಿ ಅವನು ಯಾವ ಬಾಧೆಯಿಂದ ಬಂದನು, ವೈದ್ಯನು ಅದನ್ನು ಏನೆಂದು ತಿಳಿದನು, ಏನು ಮಾಡಿದನು, ಏನು ಕೆಟ್ಟಿತು ಎಂದು ಬರೆಯಬೇಕು. ಒಂದು ವರುಷವಾದ ಮೇಲೆ ರೋಗಿಯನ್ನು ಹುಡುಕಿ, ಈಗ ಹೇಗಿದ್ದಾನೆಂದು ಕೇಳಿ, ಅದನ್ನೂ ಬರೆಯಬೇಕು. ಗುಣವಾಗದಿದ್ದರೆ ಯಾಕೆ ಆಗಲಿಲ್ಲ ಎಂದು ವಿಚಾರಿಸಬೇಕು. ಇಷ್ಟೇ. ಇದಕ್ಕೆ ಅವರು ಅಂತ್ಯಫಲದ ವಿಚಾರವೆಂಬ ಅರ್ಥದ ಹೆಸರನ್ನು ಕೊಟ್ಟರು. ತಾವಿದ್ದ ದೊಡ್ಡ ಆಸ್ಪತ್ರೆಯಲ್ಲಿ, ವಯಸ್ಸಿನ ಹಿರಿತನವನ್ನು ನೋಡದೆ ಫಲವನ್ನು ನೋಡಿ ಮೇಲಿನ ಸ್ಥಾನಗಳನ್ನು ಕೊಡಬೇಕೆಂದು ಕೇಳಿದರು. ಅದು ನಡೆಯದೆ ಹೋದದರಿಂದ 1914ರಲ್ಲಿ ಆ ಕೆಲಸವನ್ನು ಬಿಟ್ಟರು.

ಅದಕ್ಕೆ ಮುಂಚೆಯೇ, 1911ರಲ್ಲಿ, ಅವರು ಸ್ವಂತ ಖರ್ಚಿನಿಂದ ಒಂದು ಚಿಕ್ಕ ಆಸ್ಪತ್ರೆಯನ್ನು ತೆರೆದಿದ್ದರು. 1911ರಿಂದ 1916ರ ವರೆಗೆ ಅಲ್ಲಿಂದ ಮನೆಗೆ ಹೋದವರು 337 ಮಂದಿ. ಇವರ ವಿಷಯದಲ್ಲಿ ತಾವು ಕಂಡುಕೊಂಡ ತಪ್ಪುಗಳು 123 ಎಂದು ಕಾಡ್ಮನರು ಎಣಿಸಿ, ಪುಸ್ತಕವಾಗಿ ಅಚ್ಚು ಹಾಕಿಸಿ, ಬೇರೆ ಆಸ್ಪತ್ರೆಗಳಿಗೆ ಕಳುಹಿಸಿಕೊಟ್ಟರು. ತಪ್ಪುಗಳನ್ನು ಅವರು ಜಾತಿ ಜಾತಿಯಾಗಿ ವಿಂಗಡಿಸಿದ ರೀತಿಯನ್ನು ಗಮನಿಸಿರಿ: ಕೈಚಳಕವೋ ತಿಳುವಳಿಕೆಯೋ ಸಾಲದ್ದರಿಂದ ಆದದ್ದು, ವಿವೇಚನೆ ತಪ್ಪಿದ್ದು, ಎಚ್ಚರಿಕೆಯೋ ಸಲಕರಣೆಯೋ ಇಲ್ಲದ್ದು, ರೋಗವನ್ನೇ ತಪ್ಪಾಗಿ ತಿಳಿದದ್ದು, ರೋಗಿಯು ತಾನೇ ಚಿಕಿತ್ಸೆಗೆ ಒಪ್ಪದೆ ಕೆಡಿಸಿಕೊಂಡದ್ದು ಬೇರೆ, ಮನುಷ್ಯನ ವಶವನ್ನು ಮೀರಿದ ವಿಪತ್ತುಗಳು ಬೇರೆ. ಫಲವು ನಮ್ಮ ವಶದಲ್ಲಿಲ್ಲ ಎಂದು ಮೊದಲು ಹೇಳಿದವರಿಗೆ ಇದರಲ್ಲಿ ಉತ್ತರ ಸಿಕ್ಕುವದು. ವಶವನ್ನು ಮೀರಿದ್ದು ಉಂಟು, ನಿಜ. ಆದರೆ ಮೀರದೆ ಇದ್ದದ್ದನ್ನು ಪ್ರತ್ಯೇಕಿಸಿ ಬರೆದ ಮೇಲೆ ಮಾತ್ರ ಅದನ್ನು ಹೇಳುವ ಹಕ್ಕು ಬರುವದು.

1915ನೇ ಇಸವಿಯ ಜನವರಿಯಲ್ಲಿ ಕಾಡ್ಮನರು ತಾವೇ ಅಧ್ಯಕ್ಷರಾಗಿದ್ದ ವೈದ್ಯರ ಕೂಟವೊಂದರಲ್ಲಿ ಒಂದು ದೊಡ್ಡ ಚಿತ್ರವನ್ನು ಬಿಡಿಸಿ ತೋರಿಸಿದರು. ಅದರಲ್ಲಿ ಒಂದು ಉಷ್ಟ್ರಪಕ್ಷಿಯು ಮರಳಲ್ಲಿ ತಲೆ ಹುದುಗಿಸಿಕೊಂಡು, ಹಿಂದುಗಡೆ ನಿಂತ ವೈದ್ಯರ ಕಡೆಗೆ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿತ್ತು. ಪಟ್ಟಣದ ಐಶ್ವರ್ಯವಂತರು ಸತ್ಯವನ್ನು ನೋಡದೆ ಹಣ ಕೊಡುತ್ತಾರೆ, ವೈದ್ಯರು ಸತ್ಯವನ್ನು ತೋರಿಸದೆ ತೆಗೆದುಕೊಳ್ಳುತ್ತಾರೆ ಎಂಬದು ತಾತ್ಪರ್ಯ. ಕೂಟವು ಗದ್ದಲವಾಯಿತು, ಅವರು ಅಧ್ಯಕ್ಷತನವನ್ನು ಬಿಡಬೇಕಾಯಿತು. ಆ ಚಿತ್ರವು ಬುದ್ಧಿಯ ಕೆಲಸವಾಗಿತ್ತೆಂದು ನಾವು ಹೇಳಲಾರೆವು. ಒಬ್ಬನ ತಪ್ಪನ್ನು ಅವನಿಗೆ ತೋರಿಸಬೇಕೆಂದಿರುವವನು ಮೊದಲು ಅವನನ್ನು ನಗೆಗೀಡು ಮಾಡಿದರೆ ಅವನು ತಪ್ಪನ್ನು ನೋಡುವದಿಲ್ಲ, ನಗುವವರನ್ನು ನೋಡುವನು.

ಇದಾದ ನಾಲ್ಕು ವರುಷಗಳ ಮೇಲೆ ನಡೆದ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಅಮೇರಿಕಾದ ಶಸ್ತ್ರವೈದ್ಯರ ಸಂಘದವರು ಕಾಡ್ಮನರ ವಿಚಾರದಿಂದ ಸ್ವಲ್ಪ ಪ್ರೇರಿತರಾಗಿ, ನೂರು ಅಥವಾ ಅದಕ್ಕೆ ಹೆಚ್ಚು ಹಾಸಿಗೆಗಳುಳ್ಳ 692 ಆಸ್ಪತ್ರೆಗಳನ್ನು ಪರೀಕ್ಷಿಸಿದರು. ನೇಮಿಸಿದ್ದ ಅತಿ ಸಾಧಾರಣವಾದ ಅಳತೆಗೆ ಬಂದವುಗಳು 89 ಮಾತ್ರ. ತಪ್ಪಿಹೋದವುಗಳಲ್ಲಿ ದೇಶದ ಹೆಸರುವಾಸಿಯಾದ ಆಸ್ಪತ್ರೆಗಳೂ ಇದ್ದವು. 1919ನೇ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಸಂಘದವರು ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಎಂಬ ಹೋಟೆಲಿನಲ್ಲಿ ಕೂಡಿಬಂದಿದ್ದಾಗ, ಒಟ್ಟು ಸಂಖ್ಯೆಗಳನ್ನು ಮಾತ್ರ ಪ್ರಕಟಿಸಿ, ಆಸ್ಪತ್ರೆಗಳ ಹೆಸರುಗಳಿದ್ದ ಪಟ್ಟಿಯನ್ನು ಪತ್ರಿಕೆಯವರ ಕೈಗೆ ಸಿಕ್ಕಬಾರದೆಂದು ಆ ಹೋಟೆಲಿನ ಒಲೆಯಲ್ಲಿಯೇ ಸುಟ್ಟುಬಿಟ್ಟರು. ಆ ರಾತ್ರಿ ಆ 603 ಆಸ್ಪತ್ರೆಗಳಲ್ಲಿ ಮಲಗಿದ್ದವರಿಗೆ ಇದು ತಿಳಿಯದು. ಸುಟ್ಟವರು ದುಷ್ಟರಲ್ಲ, ಆಸ್ಪತ್ರೆಗಳ ಮೇಲಿನ ಭರವಸೆ ಹೋದರೆ ರೋಗಿಗಳಿಗೇ ನಷ್ಟವೆಂದು ಅವರು ನೆನಸಿರಬಹುದು, ಮತ್ತು ಮುಂದಿನ ವರುಷಗಳಲ್ಲಿ ಆ ಅಳತೆಗೆ ಬರುವ ಆಸ್ಪತ್ರೆಗಳು ಬಹಳವಾಗಿ ಹೆಚ್ಚಿದ್ದು ಸಹ ನಿಜ. ಆದಾಗ್ಯೂ ಆ ಒಲೆಯನ್ನು ನೆನಸುವಾಗ ನಮ್ಮ ಮನಸ್ಸು ಒಪ್ಪುವದಿಲ್ಲ. ಭರವಸೆ ಇಡುವವನಿಗೆ ತಿಳಿಯದಂತೆ ಕಾಪಾಡಿದ ಭರವಸೆಯು ಅವನದೇ ಹಣವನ್ನು ಅವನಿಗೆ ಹೇಳದೆ ಸಾಲವಾಗಿ ಎತ್ತಿಕೊಂಡ ಹಾಗಿದೆ.

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪಣೆಯು ಬರುವದು. ಸತ್ತವರ ಲೆಕ್ಕವನ್ನು ಊರಿಗೆಲ್ಲಾ ಸಾರಿದರೆ ವೈದ್ಯರು ಹೆದರಿ, ಬದುಕುವದು ಕಷ್ಟವಾದ ರೋಗಿಯನ್ನು ಮುಟ್ಟದೆ ಹೋಗಲಾರರೇ? ಅವನನ್ನು ಬಿಟ್ಟರೆ ಲೆಕ್ಕವು ಚೆನ್ನಾಗುವದು, ಮನುಷ್ಯನು ಸಾಯುವನು. ಇದು ಬರೀ ಊಹೆಯಲ್ಲ. ನ್ಯೂಯಾರ್ಕ್ ಸಂಸ್ಥಾನದ ಆರೋಗ್ಯ ಇಲಾಖೆಯವರು 1989ರಿಂದ ಹೃದಯದ ರಕ್ತನಾಳಗಳ ಶಸ್ತ್ರಕ್ರಿಯೆಯಾದವರ ಲೆಕ್ಕವನ್ನು ಕೂಡಿಸಿ, ಮೊದಲು ಆಸ್ಪತ್ರೆಗಳ ಹೆಸರಿನಲ್ಲಿ, ಆ ಮೇಲೆ ಒಬ್ಬೊಬ್ಬ ವೈದ್ಯನ ಹೆಸರಿನಲ್ಲಿಯೂ ಪ್ರಕಟಿಸಲಾರಂಭಿಸಿದರು. ರೋಗಿಯು ಬರುವಾಗಲೇ ಎಷ್ಟು ಕೆಟ್ಟಿದ್ದನೆಂಬದನ್ನು ತೂಗಿ, ಅದಕ್ಕೆ ತಕ್ಕಂತೆ ಲೆಕ್ಕವನ್ನು ಸರಿಪಡಿಸಿದರು. ಹೋಮ್ಸರು ಕೇಳಿದ ನ್ಯಾಯವು ಇದೇ. ಹಾಗೆ ಸರಿಪಡಿಸಿದ ಲೆಕ್ಕದಂತೆ 1989ರಲ್ಲಿ ನೂರಕ್ಕೆ 4.17 ಇದ್ದ ಸಾವು 1992ರಲ್ಲಿ 2.45ಕ್ಕೆ ಇಳಿಯಿತು. ಇಳಿದದ್ದು ಈ ಪ್ರಕಟನೆಯೊಂದರಿಂದಲೇ ಎಂದು ಎಲ್ಲರೂ ಒಪ್ಪುವದಿಲ್ಲ. ಹೀಗೆಯೇ ಲೆಕ್ಕವನ್ನು ಪ್ರಕಟಿಸಿದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಹೃದ್ರೋಗದ ವೈದ್ಯರನ್ನು ಕೇಳಿದಾಗ, ಬಹಳ ಕೆಟ್ಟ ಸ್ಥಿತಿಯ ರೋಗಿಗಳನ್ನು ಒಪ್ಪಿಕೊಳ್ಳುವ ಶಸ್ತ್ರವೈದ್ಯರು ಸಿಕ್ಕುವದು ಮುಂಚಿಗಿಂತ ಕಷ್ಟವಾಯಿತೆಂದು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದರೆಂದು 1996ರಲ್ಲಿ ಪ್ರಕಟವಾಯಿತು. ಆದಕಾರಣ ಲೆಕ್ಕವು ತಾನೇ ನೀತಿಯಲ್ಲ. ಹೊಗಳಿಕೆಗೋಸ್ಕರ ಬರೆದ ಲೆಕ್ಕವು, ಬರೆಯದೆ ಬಿಟ್ಟದ್ದರಷ್ಟೇ ಕೇಡನ್ನು ಮಾಡಬಲ್ಲದು. ಬಾಗಿಲಿಂದ ಹಿಂದಕ್ಕೆ ಕಳುಹಿಸಲ್ಪಟ್ಟವನ ಹೆಸರು ಯಾವ ಚೀಟಿಯಲ್ಲಿಯೂ ಇರುವದಿಲ್ಲವಲ್ಲಾ!

ಈ ಕಾರಣದಿಂದಲೇ, ಸಾವನ್ನು ಎಣಿಸುವವರ ಜೊತೆಗೆ ಇನ್ನೊಂದು ಬಗೆಯ ಶೋಧಕರು ಬೇಕಾದರು. ಇವರು ಸಾಮಾಜಿಕ ಚರಿತ್ರೆಯನ್ನು ಬರೆಯುವವರು. ವೈದ್ಯರು ವೈದ್ಯರಿಗಾಗಿ ಬರೆದ ಪುಸ್ತಕಗಳಿಂದಲೇ ವೈದ್ಯಚರಿತ್ರೆಯನ್ನು ಕಟ್ಟುವದು ಸಾಲದು, ರೋಗಿಯ ಕಡೆಯಿಂದಲೂ ಅದನ್ನು ನೋಡಬೇಕೆಂದು ಇಂಗ್ಲಿಷ್ ಚರಿತ್ರಕಾರರಾದ ರಾಯ್ ಪೋರ್ಟರ್ ಎಂಬವರು 1985ರಲ್ಲಿ ಬಲವಾಗಿ ವಾದಿಸಿದರು. ರೋಗಿಯ ಕಡೆಯ ಮಾತು ಎಂಥದೆಂಬದಕ್ಕೆ ಒಂದು ಕಾಗದವು ಸಾಕ್ಷಿಯಾಗಿದೆ. ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಗ್ರಂಥಕರ್ತ್ರಿಗೆ 1811ನೇ ಇಸವಿಯ ಸೆಪ್ಟೆಂಬರ್ 30ರಲ್ಲಿ ಪ್ಯಾರಿಸ್ ಪಟ್ಟಣದ ಆಕೆಯ ಮನೆಯಲ್ಲಿಯೇ, ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯರಾದ ಲ್ಯಾರೇ ಎಂಬವರು, ಎದೆಯ ಗಡ್ಡೆಗಾಗಿ ಒಂದು ಸ್ತನವನ್ನು ಕೊಯ್ದು ತೆಗೆದರು. ಕ್ಲೋರೊಫಾರ್ಮು ಇನ್ನೂ ಇರಲಿಲ್ಲ. ಮುಖದ ಮೇಲೆ ತೆಳುವಾದ ಒಂದು ವಸ್ತ್ರವನ್ನು ಹಾಕಿದ್ದರು. ಅದರ ಮೂಲಕ ಶಸ್ತ್ರದ ಹೊಳಪು ಆಕೆಗೆ ಕಾಣುತ್ತಿತ್ತು. ಅನೇಕ ತಿಂಗಳುಗಳ ಮೇಲೆ ಆಕೆಯು ಇದನ್ನೆಲ್ಲಾ ತನ್ನ ಅಕ್ಕತಂಗಿಯರಲ್ಲಿ ಒಬ್ಬಳಿಗೆ ಬರೆದಳು. ಬರೆದದ್ದನ್ನು ಮತ್ತೆ ಓದಿ ನೋಡಲು ಆಕೆಗೆ ಧೈರ್ಯವಾಗಲಿಲ್ಲ. ಬರ್ನಿಯು 1840ರ ತನಕ ಬದುಕಿದಳು. ಕಾಡ್ಮನರ ಚೀಟಿಯು ಆಗ ಇದ್ದಿದ್ದರೆ ಅದರಲ್ಲಿ ಗುಣವಾಯಿತೆಂದು ಬರೆಯುತ್ತಿದ್ದರು, ಅದು ಸುಳ್ಳಾಗುತ್ತಿರಲಿಲ್ಲ. ಆದರೆ ಆ ಕಾಗದವಿಲ್ಲದೆ ಅದು ಪೂರ್ಣವಾದ ಸತ್ಯವೂ ಆಗುತ್ತಿರಲಿಲ್ಲ.

ನಮ್ಮ ವಾಚಕರಲ್ಲಿ ಯಾರಿಗಾದರೂ ಶಸ್ತ್ರಕ್ರಿಯೆಯಾಗಿ, ಕೆಲವು ಕಾಲದ ಮೇಲೆ ಹೇಗಿದ್ದೀರೆಂದು ಆಸ್ಪತ್ರೆಯಿಂದ ವಿಚಾರಣೆ ಬಂದರೆ, ವೈದ್ಯರಿಗೆ ಬೇಸರವಾದೀತೆಂದು ಎಲ್ಲಾ ಚೆನ್ನಾಗಿದೆ ಎಂದು ಹೇಳಿಬಿಡಬೇಡಿರಿ. ನಮ್ಮ ಜನರಲ್ಲಿ ಈ ದಾಕ್ಷಿಣ್ಯವು ಬಹಳ. ನೋವು ಉಳಿದಿದ್ದರೆ ಉಳಿದಿದೆಯೆಂದೇ ಹೇಳಿರಿ. ಉತ್ತರ ಕೊಡಲಿಕ್ಕೆ ನಾಲಿಗೆ ಇದ್ದೂ ಯಾರೂ ಕೇಳದೆ ಹೋದವರು ಬಹು ಮಂದಿ ಇದ್ದಾರೆ.

ಅವರಲ್ಲಿ ಒಬ್ಬಳು ಅನಾರ್ಕಾ. ಅಮೇರಿಕಾದ ಅಲಬಾಮಾ ಸೀಮೆಯ ಮಾಂಟ್‌ಗೊಮರಿಯಲ್ಲಿ, ಗುಲಾಮಗಿರಿ ನಡೆಯುತ್ತಿದ್ದ ಕಾಲದಲ್ಲಿ, ಮೂರು ದಿನಗಳ ಪ್ರಸವವೇದನೆಯಿಂದ ಒಳಗೆ ಹರಿದುಹೋಗಿ, ಮೂತ್ರವು ಸದಾ ಸುರಿಯುವ ಸ್ಥಿತಿಗೆ ಬಂದ ಹದಿನೇಳು ವರುಷ ಪ್ರಾಯದ ದಾಸಿ. ಮೇರಿಯನ್ ಸಿಮ್ಸ್ ಎಂಬ ವೈದ್ಯರು 1845ರಿಂದ 1849ರ ವರೆಗೆ ಆಕೆಗೆ ಸುಮಾರು ಮೂವತ್ತು ಸಲ ಶಸ್ತ್ರಕ್ರಿಯೆ ಮಾಡಿ, ಕಡೆಗೆ ಬೆಳ್ಳಿಯ ತಂತಿಯಿಂದ ಹೊಲಿದು ಗುಣಪಡಿಸಿದರು. ಆ ವಿಧಾನದಿಂದ ಮುಂದೆ ಎಷ್ಟೋ ಸ್ತ್ರೀಯರಿಗೆ ಉಪಕಾರವಾಯಿತು, ಅದನ್ನು ಅಲ್ಲಗಳೆಯಬಾರದು. ಆದರೆ ಈಥರಿನಿಂದ ನೋವು ತಿಳಿಯದಂತೆ ಮಾಡಬಹುದೆಂದು 1846ರಲ್ಲಿ ಬೋಸ್ಟನ್ನಿನಲ್ಲಿ ಎಲ್ಲರ ಮುಂದೆ ತೋರಿಸಲ್ಪಟ್ಟ ಮೇಲೆಯೂ ಸಿಮ್ಸರು ಈ ದಾಸಿಯರಿಗೆ ಅದನ್ನು ಕೊಡಲಿಲ್ಲ. ಒಪ್ಪಂದವು ಅವರ ಒಡೆಯರ ಸಂಗಡ ಆಗಿತ್ತು. ದಾಸಿಯರೇ ಶಸ್ತ್ರಕ್ರಿಯೆಯನ್ನು ಬೇಡಿಕೊಂಡರೆಂದು ಸಿಮ್ಸರು ಬರೆದರು. ಬೇಡಿಕೊಂಡಿರಬಹುದು, ಅಂಥ ಬಾಧೆಯಲ್ಲಿದ್ದವರು ಏನನ್ನು ತಾನೇ ಬೇಡಿಕೊಳ್ಳರು? ಆದರೆ ಬೇಡವೆಂದು ಹೇಳುವ ಸ್ವಾತಂತ್ರ್ಯವಿಲ್ಲದವಳು ಹೌದೆಂದು ಹೇಳಿದ್ದನ್ನು ಯಾವ ಪುಸ್ತಕದಲ್ಲಿ, ಯಾವ ಕಲಮಿನ ಕೆಳಗೆ ಬರೆಯುವದು?

ಸಿಮ್ಸರ ಪ್ರತಿಮೆಯು ನ್ಯೂಯಾರ್ಕಿನ ದೊಡ್ಡ ಉದ್ಯಾನದ ಅಂಚಿನಲ್ಲಿ ಬಹುಕಾಲ ನಿಂತಿತ್ತು; 2018ನೇ ಇಸವಿಯ ಏಪ್ರಿಲಿನಲ್ಲಿ ಅದನ್ನು ಅಲ್ಲಿಂದ ತೆಗೆದರು. ಕಾಡ್ಮನರು 1940ರಲ್ಲಿ ತೀರಿಕೊಂಡಾಗ ಅವರ ಸಮಾಧಿಗೆ ಕಲ್ಲನ್ನೂ ಇಟ್ಟಿರಲಿಲ್ಲ. 2014ರಲ್ಲಿ ಶಸ್ತ್ರವೈದ್ಯರ ಸಂಘಗಳವರು ಕೂಡಿ ಒಂದು ಕಲ್ಲನ್ನು ನಿಲ್ಲಿಸಿದರು. ಮಾಂಟ್‌ಗೊಮರಿಯ ಆ ಚಿಕಿತ್ಸಾಮನೆಯಲ್ಲಿ ಇದ್ದ ದಾಸಿಯರು ಹತ್ತು ಹನ್ನೆರಡು ಮಂದಿಯೆಂದು ಚರಿತ್ರಕಾರರು ಎಣಿಸುತ್ತಾರೆ. ಸಿಮ್ಸರು ಬರೆದು 1884ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಅವರೊಳಗೆ ಮೂವರ ಹೆಸರುಗಳು ಸಿಕ್ಕುತ್ತವೆ: ಅನಾರ್ಕಾ, ಬೆಟ್ಸಿ, ಲೂಸಿ. ಮಿಕ್ಕವರ ಹೆಸರುಗಳು ಅದರಲ್ಲಿ ಇಲ್ಲ.